ತಣ್ಣಗೆ ಬರಿದಾದ ಕೊಳವೆ

“ಗುರುಗಳೇ, ನನ್ನ ಕೋಪ ಪೂರ್ತಿ ಹೋಗಿದೆ ಎಂದು ಯಾವಾಗ ನಂಬಬಹುದು?” ಎಂದು ಮೃತ್ಯುಂಜಯ ಕೇಳಿದ. ಆಸ್ತಿಯ ಪಾಲಿನ ವಿಷಯಕ್ಕೆ ಅಣ್ಣನೊಡನೆ ಜಗಳವಾಡಿ ಮಠಕ್ಕೆ ಬಂದವನು ಅವನು. ಬಂದ ಮೇಲೆ ಯಾರ ಮೇಲೂ ದನಿಯೆತ್ತಿರಲಿಲ್ಲ. ಈಗ ಊರೂರು ತಿರುಗಿ ಶಾಂತಿಯನ್ನು ಬೋಧಿಸಲು ಅವನಿಗೆ ಗುರುಗಳ ಅಪ್ಪಣೆ ಬೇಕಾಗಿತ್ತು.

ಗುರುಗಳು ಹೇಳಿದರು:

ಒಬ್ಬ ತಯಾರಕನಿದ್ದ. ಮೈಕ್ರೋವೇವ್ ಒಲೆಗೆ ಅಲೆ ಹುಟ್ಟಿಸಿಕೊಡುವ ಮ್ಯಾಗ್ನೆಟ್ರಾನ್ ಕೊಳವೆ ಸಣ್ಣ ಕಸುಬಿನವರ ಕೈಗೂ ಎಟುಕಬೇಕೆಂಬುದು ಅವನ ಹಟ. ಒಳ್ಳೆಯ ಹಟವೇ. ಆ ಕೊಳವೆ ತಾಮ್ರದ್ದು. ಅದರ ಹೊಟ್ಟೆಯಲ್ಲಿ ಗಾಳಿಯ ಸುಳಿವೂ ಇರಬಾರದು. ಉಳಿದವರು ಅದನ್ನು ಕುಲುಮೆಯಲ್ಲಿಟ್ಟು, ಕಾಯಿಸುತ್ತಲೇ ಗಾಳಿ ಹೀರಿ ತೆಗೆಯುತ್ತಿದ್ದರು. ಇವನಿಗೆ ಕುಲುಮೆ ದಂಡ ಎನಿಸಿತು. ಗಾಳಿ ತೆಗೆಯುವುದಕ್ಕೆ ಬೆಂಕಿ ಯಾಕೆ? ತಣ್ಣಗಿದ್ದಾಗಲೇ ಹೀರಿ ಬಾಯಿ ಬೆಸೆದ. ಮಾಪಕವಿಟ್ಟು ನೋಡಿದರೆ ಒಳಗೆ ಏನೂ ಇಲ್ಲ. ಹಿಗ್ಗಿ ಹೀರೇಕಾಯಿಯಾದ.

ಶಾವಿಗೆ ಮಾಡುವ ಒಬ್ಬ ಹೆಂಗಸು ಆ ಕೊಳವೆಗಳನ್ನು ಕೊಂಡಳು. ಮಳೆಗಾಲದಲ್ಲಿ ಬಿಸಿಲಿಲ್ಲದೆ ಅವಳ ಶಾವಿಗೆಗೆ ಬೂಸಲು ಹಿಡಿಯುತ್ತಿತ್ತು. ಅದನ್ನು ಒಣಗಿಸಲೆಂದು ಕೊಳವೆಯನ್ನು ಒಲೆಗೆ ಹಾಕಿಸಿ ಸ್ವಿಚ್ಚು ಒತ್ತಿದಳು. ಕೊಳವೆ ಕೆಲಸಕ್ಕೆ ತೊಡಗಿ ಬಿಸಿಯೇರಿತು, ಒಳಗೆ ಕಿಡಿ ಹಾರಿ ಸತ್ತಿತು. ಒಂದಾದ ಮೇಲೊಂದು ಎಲ್ಲವೂ ಸತ್ತವು. ಶಾವಿಗೆಯೆಲ್ಲ ತಿಪ್ಪೆ ಸೇರಿತು.

“ನಿನ್ನ ನಂಬಿ ಕೆಟ್ಟೆನಲ್ಲಪ್ಪಾ” ಎಂದು ಅವಳು ಅತ್ತಳು. ತಯಾರಕ ಆ ಕೊಳವೆಗಳಲ್ಲಿ ತೂತು ಹುಡುಕಿದ. ಕೂದಲೆಳೆಯಷ್ಟೂ ತೂತಿಲ್ಲ. ಆದರೂ ಒಳಗೆ ಗಾಳಿಯಿತ್ತು.

ಮೃತ್ಯುಂಜಯನಿಗೆ ತಡೆಯಲಾಗಲಿಲ್ಲ. “ತೂತೇ ಇಲ್ಲದೆ ಗಾಳಿ ಎಲ್ಲಿಂದ ಬಂತು, ಗುರುಗಳೇ?”

“ಬರುವುದೇನು ಬಂತು! ಒಳಗೇ ಇತ್ತು. ತಾಮ್ರ ತನ್ನ ಮೈಯಲ್ಲೇ ಗಾಳಿಯನ್ನು ಅಡಗಿಸಿಕೊಂಡಿರುತ್ತದೆ. ತಣ್ಣಗಿರುವಷ್ಟು ಹೊತ್ತು ಅದು ತೆಪ್ಪಗಿರುತ್ತದೆ, ಮಾಪಕಕ್ಕೂ ಸಿಕ್ಕುವುದಿಲ್ಲ. ಕಾದಾಗ ಹೊರಬೀಳುತ್ತದೆ. ತಯಾರಕ ಕೊನೆಗೆ ತಾನೂ ಕುಲುಮೆ ಹಚ್ಚಿದ. ಖರ್ಚು ಉಳಿಸಲು ಒಂದೇ ಬೆಂಕಿಯಲ್ಲಿ ಹಲವು ಕೊಳವೆಗಳನ್ನು ಕಾಯಿಸಿದ, ಹೊರಗಿನ ಹೊಳಪನ್ನು ಕೈಬಿಟ್ಟ. ಕೊಳವೆ ಅಗ್ಗವೂ ಆಯಿತು, ಬಾಳಿಕೆಯೂ ಬಂತು. ಮುಂದಿನ ಮಳೆಗಾಲಕ್ಕೆ ಆಕೆಯ ಶಾವಿಗೆ ಗರಿಗರಿಯಾಗಿ ಒಣಗಿತು.”

ಮೃತ್ಯುಂಜಯ ಖುಷಿಯಿಂದ ತಲೆದೂಗಿದ. ಕತೆ ಮುಗಿಯಿತು, ಇನ್ನು ಅಪ್ಪಣೆ ಸಿಕ್ಕಂತೆಯೇ ಎಂದು ಬಗೆದು ಗುರುಗಳ ಕಾಲಿಗೆರಗಿದ.

“ಬೋಧನೆ ಆಮೇಲಾಗಲಿ, ಮೊದಲು ಅಣ್ಣನ ಮನೆಯಲ್ಲಿ ಒಂದು ತಿಂಗಳು ಇದ್ದು ಬಾ” ಎಂದರು ಗುರುಗಳು.