ಕಂಚಿನ ಹಲ್ಲುಗಾಲಿ

"ನಾ ಹೋದ ಮ್ಯಾಲ ನಿಮ್ಮಿಬ್ಬರೊಳಗ ಸವೆಯೋರು ಯಾರ್ರಿ?"

ಹೊನ್ನವ್ವ ಗಂಡನಿಗೆ ಆಡಿದ ಕೊನೆಯ ಮಾತು ಇದು. ಜ್ವರದಲ್ಲಿ ಏನೋ ಅನ್ನುತ್ತಾಳೆ ಅಂದುಕೊಂಡ ಯಮನಪ್ಪ. ಹಣೆಯ ಮೇಲಿನ ಬಟ್ಟೆ ತೆಗೆದು ತೋಯಿಸಿ ಹಾಕಿದ. ಮತ್ತೆ ಮುಖ ನೋಡುವಷ್ಟರಲ್ಲಿ ಅವಳು ಇರಲಿಲ್ಲ.

ಮೂರು ತಿಂಗಳಾದ ಮೇಲೆ ಅವನು ಅದೇ ಪ್ರಶ್ನೆ ಹೊತ್ತುಕೊಂಡು ತನ್ನ ಗುರುವಿನ ಮನೆಗೆ ಹೋದ. ಗುರು ಅಂದರೆ ಲಾಲಸಾಬ ಉಸ್ತಾದರು. ಗದಗಿನಲ್ಲಿ ಹಳೆಯ ಕಾರಿನ ಎಂಜಿನ್ ಬಿಚ್ಚುವವರೆಲ್ಲ ಅವರ ಕೈಕೆಳಗೆ ಬೋಲ್ಟ್ ಬಿಗಿಯುವ ಪಾನಾ ಹಿಡಿಯಲು ಕಲಿತವರೇ. ಈಗ ಉಸ್ತಾದರ ಕಣ್ಣು ಮಂಜಾಗಿದೆ. ಆದರೂ ಓಣಿಯಲ್ಲಿ ಒಂದು ಗಾಡಿ ಹಾದು ಹೋದರೆ ಸದ್ದಿನ ಮೇಲೆಯೇ ಅದರ ನೋವು ಎಲ್ಲಿ ಅಂತ ಹೇಳುತ್ತಾರೆ.

ಯಮನಪ್ಪ ಅವರ ಕಟ್ಟೆಯ ಮೇಲೆ ಕುಳಿತ. ಆಮೇಲೆ ಕೇಳಿದ.

"ಉಸ್ತಾದ್ರ, ಕೂಡಿ ತಿರುಗೋ ಎರಡರಾಗ ಸವೆಯಬೇಕಾದ್ದು ಯಾವುದು?"

"ಎಂಜಿನ್ ಮಾತ ಕೇಳಾಕತ್ತೀಯೋ, ಮನಿ ಮಾತ ಕೇಳಾಕತ್ತೀಯೋ?"

"ಮನೀದು."

"ಹಂಗಾರ ಮನೀದ ಮೊದಲ ಹೇಳು."

ಯಮನಪ್ಪ ಹೇಳಿದ. ಅವನ ಮಗಳು ಕಸ್ತೂರಿ ಹತ್ತು ವರ್ಷದಿಂದ ಅವನ ಜೊತೆ ಗ್ಯಾರೇಜಿನಲ್ಲಿ ದುಡಿಯುತ್ತಾಳೆ. ಅವಳ ಕೈ ಚೆನ್ನಾಗಿದೆ. ಅದು ಅವನಿಗೂ ಗೊತ್ತು. ಆದರೆ ಅವಳು ಒಂದು ಬೋಲ್ಟ್ ಬಿಗಿದರೆ ಅವನು ಹೋಗಿ ಅದನ್ನೇ ಇನ್ನೊಮ್ಮೆ ಬಿಗಿಯುತ್ತಾನೆ. ಮೊದಲಿನಿಂದ ಬಂದ ರೂಢಿ. ಹೊನ್ನವ್ವ ಇರುವ ತನಕ ಇದರಿಂದ ಜಗಳ ಆದದ್ದಿಲ್ಲ. ಈಗ ದಿನಾ ಆಗುತ್ತದೆ. ನಿನ್ನೆ ಗಿರಾಕಿಯ ಎದುರಿಗೇ ಹಾಗೆ ಮಾಡಿದ. ಕಸ್ತೂರಿ ತನ್ನ ಪಾನಾಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕಿದಳು. ಪೆಟ್ಟಿಗೆ ಮುಚ್ಚಿದ ಮೇಲೆ ಮಾತಾಡಿದಳು.

"ಅಪ್ಪಾ, ನಾಳಿ ಬಿಟ್ಟು ನಾಡದ ಸಾಂಗ್ಲಿಗೆ, ಬ್ಯಾರೆ ಗ್ಯಾರೇಜಿಗೆ ಹೊಂಟೀನಿ. ಮಧ್ಯಾಹ್ನದ ಬಸ್ಸಿಗೆ. ಕೈಯಾಗಿನ ಕಾರು ಮುಗಿಸೇ ಹೊಕ್ಕೀನಿ. ಅಲ್ಲಿ ನಾ ಬಿಗಿದ ಬೋಲ್ಟು ನಾ ಬಿಗಿದಂಗ ಇರತೈತಿ."

ನಿನ್ನೆ ಅಂದ ಆ ನಾಡದ ಅಂದರೆ ನಾಳೆಯೇ.

"ನೀ ಏನಂದಿ?" ಉಸ್ತಾದರು ಕೇಳಿದರು.

"ಹೋಗು ಅಂದೆ. ಅಪ್ಪ ಅಂದ ಮ್ಯಾಲ ಗಟ್ಟಿ ಇರಬೇಕಲ್ರಿ?"

"ಹೊನ್ನವ್ವ ಇದ್ದಾಗ ಜಗಳ ಯಾಕ ಆಗಲಿಲ್ಲ?"

ಯಮನಪ್ಪ ಯೋಚಿಸಿದ.

"ಗೊತ್ತಿಲ್ರಿ. ಅಕಿಗೆ ಹೊತ್ತು ಅನ್ನೋದ ಗೊತ್ತಿರಲಿಲ್ಲ. ನಾ ಪಾನಾ ಹಿಡಕೊಂಡು ಮಗಳ ಕಡೆ ಹೊಂಟ್ರ ಸಾಕು, ಒಳಗಿಂದ ಕೂಗತಿದ್ಲು. ಚಾ ಆರಾಕತ್ತೈತಿ, ಬರ್ರಿ ಅಂತ. ಬಿಟ್ಟು ಹೋದ್ರ ಒಲಿ ಮ್ಯಾಲಿನ ನೀರು ಇನ್ನೂ ಕಾದೇ ಇರತಿರಲಿಲ್ಲ."

ಉಸ್ತಾದರು ನಕ್ಕರು. ಸದ್ದು ಬರಲಿಲ್ಲ, ಭುಜ ಮಾತ್ರ ಅಲುಗಿದವು.

"ಕೇಳು," ಅಂದರು.

ಒಬ್ಬ ವರ್ತಕನ ಹತ್ತಿರ ಒಂದು ಹಳೆಯ ಕಾರು ಇತ್ತು. ಅದನ್ನು ಒಬ್ಬ ಮೆಕ್ಯಾನಿಕ್ ನೋಡಿಕೊಳ್ಳುತ್ತಿದ್ದ. ಆ ಕಾರಿನ ಎಂಜಿನ್ ಹೊಟ್ಟೆಯೊಳಗೆ ಕ್ಯಾಮ್ ಶಾಫ್ಟ್ ಅನ್ನುವ ತಿರುಗುವ ದಂಡ. ಶಾಫ್ಟಿನ ಮೈಮೇಲೆ ಹಲ್ಲು. ಮೇಲಿನಿಂದ ಇಳಿದ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬುಡದಲ್ಲಿ ಒಂದು ಸಣ್ಣ ಹಲ್ಲುಗಾಲಿ. ಶಾಫ್ಟು ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಹಲ್ಲುಗಾಲಿ ತಿರುಗಿದರೆ ಸರಿಯಾದ ಗಳಿಗೆಗೆ ಕಿಡಿ ಹಾರುತ್ತದೆ. ಎರಡೂ ಒಂದರ ಮೈಗೆ ಒಂದು ತಿಕ್ಕಿಕೊಂಡೇ ಬಾಳಬೇಕು.

ಮೊದಲು ಶಾಫ್ಟು ಬೀಡು ಕಬ್ಬಿಣದ್ದು. ಹಲ್ಲುಗಾಲಿಯೂ ಬೀಡಿನದೇ. ಜೋಡಿ ಹೊಂದಿತ್ತು, ಮೂವತ್ತು ವರ್ಷ ನಡೆಯಿತು. ಆಮೇಲೆ ಶಾಫ್ಟು ಬದಲಿಸುವ ಹೊತ್ತು ಬಂತು. ವರ್ತಕ ಉಕ್ಕಿನ ಶಾಫ್ಟು ತರಿಸಿದ. ಎಷ್ಟು ಗಟ್ಟಿ ಅಂತ ಮೆಕ್ಯಾನಿಕ್ ಅದರ ಮೇಲೆ ಅರ ಎಳೆದು ನೋಡಿದ. ಅರ ಕಚ್ಚಲಿಲ್ಲ, ಜಾರಿತು. ಅವನು ಕೆಲಸ ಬಲ್ಲವನು. ಇಷ್ಟು ಗಟ್ಟಿ ಉಕ್ಕಿಗೆ ಮೆತ್ತನೆಯ ಜೋಡಿಯೇ ಬೇಕು ಅಂತ ಬೀಡಿನ ಹಲ್ಲುಗಾಲಿಯನ್ನು ಎತ್ತಿಟ್ಟು ಕಂಚಿನದನ್ನು ಹಾಕಿದ.

ಕಂಚು ತನ್ನ ಕೆಲಸ ಮಾಡಿತು. ಸವೆಯಿತು. ಮೆಕ್ಯಾನಿಕ್ ಆಗಾಗ ಮೇಲಿನ ಒಂದು ಬೋಲ್ಟ್ ಸಡಿಲಿಸಿ, ಡಿಸ್ಟ್ರಿಬ್ಯೂಟರನ್ನು ಎತ್ತಿ, ಹಲ್ಲುಗಾಲಿ ನೋಡುತ್ತಿದ್ದ. ತೆಳ್ಳಗಾಗಿದ್ದರೆ ಬೇರೆ ಹಾಕುತ್ತಿದ್ದ. ಶಾಫ್ಟಿನ ಮೈಗೆ ಒಂದು ಗೀರೂ ಬೀಳಲಿಲ್ಲ. ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ನೋಡಿದ್ದು ಸವೆದ ಕಂಚನ್ನು.

ಒಂದು ದಿನ ವರ್ತಕ ಪೇಟೆಯ ನಾಲ್ಕು ಮಂದಿಯ ಎದುರು ಕೆಣಕಿದ.

"ಏನಪಾ, ವರ್ಷಾ ಒಂದು ಹಲ್ಲು ಕೀಳತಿ. ನೀ ನನ್ನ ಕಾರಿಗೆ ಮೆಕ್ಯಾನಿಕ್ಕೋ, ಹಲ್ಲಿನ ಡಾಕ್ಟರೋ?"

ಮಂದಿ ನಕ್ಕರು. ಮೆಕ್ಯಾನಿಕ್ಕಿಗೆ ಅದು ನಾಟಿತು. ಅವನು ಮನೆಗೆ ಹೋಗಿ ಶಾಫ್ಟಿಗಿಂತಲೂ ಗಟ್ಟಿ ಉಕ್ಕಿನ ತುಂಡು ಆರಿಸಿದ. ವರ್ಕ್‌ಶಾಪಿಗೆ ಕೊಟ್ಟು ಹಲ್ಲು ಕೊರೆಸಿದ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಹದ ಮಾಡಿದ. ಹಾಕಿದ.

ವರ್ಷ ಬಿಟ್ಟು ಬಿಚ್ಚಿ ನೋಡಿದ. ಹಲ್ಲುಗಾಲಿ ಒಂದು ಕೂದಲಿನಷ್ಟೂ ಸವೆದಿರಲಿಲ್ಲ. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಪೇಟೆಯೆಲ್ಲ ತೋರಿಸಿ ಬಂದ. ಗಟ್ಟಿ ಅಂದರೆ ಹೀಗಿರಬೇಕು ಅಂದ. ಮಂದಿಯೂ ಹೌದೌದು ಅಂದರು.

ಎರಡನೆಯ ವರ್ಷ ಕಾರು ಏರಿನಲ್ಲಿ ಉಬ್ಬಸ ಪಡತೊಡಗಿತು. ಕಿಡಿ ತಡವಾಗಿ ಬರುತ್ತಿತ್ತು. ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರನ್ನು ಚೂರು ತಿರುಗಿಸಿ ಹೊಂದಿಸಿದ. ತಿಂಗಳಿಗೆ ಮತ್ತೆ ತಡವಾಯಿತು. ಮತ್ತೆ ತಿರುಗಿಸಿದ. ಹಲ್ಲುಗಾಲಿ ಚೆನ್ನಾಗಿದೆಯಲ್ಲ, ಇದು ಬೇರೆ ಏನೋ ಇರಬೇಕು ಅಂದುಕೊಂಡ. ಒಂದು ದಿನ ಎಂಜಿನ್ ಎಣ್ಣೆ ಇಳಿಸಿದ. ಎಣ್ಣೆ ಬಿಸಿಲಿಗೆ ಮಿರಮಿರ ಮಿಂಚಿತು. ಎರಡು ಬೆರಳಿನ ನಡುವೆ ಹಿಡಿದು ತಿಕ್ಕಿದ. ಒಳಗೆಲ್ಲ ಉಕ್ಕಿನ ಹುಡಿ.

ಇಡೀ ಎಂಜಿನ್ ಇಳಿಸಬೇಕಾಯಿತು. ಶಾಫ್ಟು ಹೊರಗೆ ಬಂತು. ಅದರ ಹಲ್ಲುಗಳು ಸವೆದು ಸವೆದು ಗರಗಸದಂತೆ ಚೂಪಾಗಿದ್ದವು. ಕೆಲವು ಇರಲೇ ಇಲ್ಲ. ಅದು ಕೊನೆಯ ಶಾಫ್ಟು. ಆ ಕಾರಿಗೆ ಹೊಂದುವಂಥದ್ದು ಇನ್ನೆಲ್ಲೂ ಸಿಗುವ ಹಾಗಿರಲಿಲ್ಲ.

ವರ್ತಕ ಬಂದು ನೋಡಿದ.

"ಮತ್ತ ಹಲ್ಲುಗಾಲಿ?" ಅಂದ.

"ಹೊಸದು ಇದ್ದಂಗ ಐತ್ರಿ ಧಣಿ," ಅಂದ ಮೆಕ್ಯಾನಿಕ್.

ಉಸ್ತಾದರು ಕತೆ ಮುಗಿಸಿದರು.

ಯಮನಪ್ಪ ಕಾಯಲಿಲ್ಲ. ಈ ಕೆಲಸ ಅವನಿಗೆ ಅಂಗೈ ಗೆರೆಯಷ್ಟು ಗೊತ್ತು. ಉತ್ತರ ಬಾಯಲ್ಲೇ ಇತ್ತು.

"ತಪ್ಪ ಅವಂದ ಬಿಡ್ರಿ. ಶಾಫ್ಟ ಹೋದ್ರ ಎಂಜಿನ್ನ ಹ್ವಾದಂಗ. ಮ್ಯಾಲಿಂದು ಸವೀಬೇಕು, ಒಳಗಿಂದು ಉಳೀಬೇಕು. ಉಕ್ಕಿನ ಶಾಫ್ಟಿಗೆ ಕಂಚು. ಇದರಾಗ ಕೇಳೋದ ಏನೈತ್ರಿ?"

ಉಸ್ತಾದರು ತಮ್ಮ ಮಂಜುಗಣ್ಣನ್ನು ಅವನ ದನಿ ಬಂದ ಕಡೆ ತಿರುಗಿಸಿದರು.

"ನಿನ್ನ ಮನ್ಯಾಗ ಕಂಚು ಹ್ವಾದ ಜಾಗಾಕ್ಕ ನೀ ಏನ ಹಾಕಿದಿ, ಯಮನಾ?"

ಯಮನಪ್ಪ ಚಪ್ಪಲಿ ಮೆಟ್ಟಿಕೊಂಡು ಎದ್ದ.

ಮರುದಿನ ಬೆಳಿಗ್ಗೆ ಅವನು ಮಗಳಿಗಿಂತ ಮೊದಲು ಗ್ಯಾರೇಜಿನ ಬಾಗಿಲು ತೆರೆದ. ಕೈಯಲ್ಲಿದ್ದ ಕಾರಿಗೆ ಡಿಸ್ಟ್ರಿಬ್ಯೂಟರ್ ಕೂಡಿಸುವುದು ಒಂದೇ ಬಾಕಿ. ಅದಕ್ಕೆ ಇಬ್ಬರು ಬೇಕು. ಒಬ್ಬರು ಕಾರಿನ ಮುಂದೆ ಬಗ್ಗಿ ಎಂಜಿನ್ನಿನ ಹ್ಯಾಂಡಲ್ ತಿರುಗಿಸಬೇಕು, ಇನ್ನೊಬ್ಬರು ಮೇಲೆ ನಿಂತು ಕಿಡಿಯ ಗಳಿಗೆ ಹೊಂದಿಸಬೇಕು. ಹತ್ತು ವರ್ಷ ಹ್ಯಾಂಡಲ್ ತಿರುಗಿಸಿದವಳು ಕಸ್ತೂರಿ. ಅವಳು ಬಂದಾಗ ಹ್ಯಾಂಡಲ್ ಯಮನಪ್ಪನ ಕೈಯಲ್ಲಿತ್ತು.

"ನೀ ಹೇಳು, ನಾ ತಿರುಗಿಸ್ತೀನಿ," ಅಂದ.

ಅವಳು ಅವನ ಮುಖ ನೋಡಿದಳು. ಪೆಟ್ಟಿಗೆ ಕೆಳಗಿಟ್ಟು, ಅದರೊಳಗಿಂದ ಒಂದು ಪಾನಾ ತೆಗೆದಳು. "ಸಾವಕಾಶ ಅಪ್ಪಾ. ಇನ್ನೊಂದ ಸ್ವಲ್ಪ. ಹಾಂ, ನಿಲ್ಲಸು." ಅವನು ನಿಲ್ಲಿಸಿದ. ಅವಳು ಬೋಲ್ಟ್ ಬಿಗಿದಳು.

ಅವನ ಕೈ ತಾನಾಗಿ ಪಾನಾದ ಕಡೆ ಹೋಯಿತು. ಹಿಡಿಯಿತು. ಅವನು ತನ್ನ ಕೈಯನ್ನೇ ನೋಡಿದ.

ಪಾನಾ ಇದ್ದಲ್ಲೇ ಇಟ್ಟ. ಒಳಗೆ ಹೋದ. ಒಲೆ ಹೊತ್ತಿಸಿ ನೀರು ಇಟ್ಟ. ನೀರು ಇನ್ನೂ ತಣ್ಣಗೇ ಇತ್ತು. ಹೊಸ್ತಿಲಿಗೆ ಬಂದು ಕೂಗಿದ.

"ಕಸ್ತೂರಿ, ಚಾ ಆರಾಕತ್ತೈತಿ, ಬಾರವ್ವಾ."