ಆಲ್ಡರ್‌ಮಿಯರಿನ ಗೋಮಾಳವೂ ನೇಕಾರ ಆಂಬ್ರೋಸನೂ

ಸಭೆಯಲ್ಲಿ ಕೂರುವವನು, ಆ ಸಭೆಯಿಂದ ಕಾನೂನು ಬೇಡುವವನ ಮನೆಯಲ್ಲಿ ಉಣ್ಣಬಾರದು. ನಿಯಮ ಇದ್ದದ್ದು ಇಷ್ಟೇ. ಎಲ್ಲರೂ ಉಂಡರು.

ಬಹಳ ಹಿಂದೆ, ಇಂಗ್ಲೆಂಡಿನ ಆಲ್ಡರ್‌ಮಿಯರ್ ಎಂಬ ಊರಿನಲ್ಲಿ ಆಂಬ್ರೋಸ್ ಹೆಲ್ಯರ್ ಎಂಬ ನೇಕಾರನಿದ್ದನಂತೆ. ಉಣ್ಣೆ ನೇಯುತ್ತ ಓದು ಕಲಿತನಂತೆ, ಓದುತ್ತ ವಾದ ಕಲಿತನಂತೆ. ಊರವರು ಅವನನ್ನು ಮೊದಲು ಮೇಯರ್ ಮಾಡಿದರು, ಆಮೇಲೆ ಪಾರ್ಲಿಮೆಂಟಿಗೆ ಕಳಿಸಿದರು. ಒಂದು ಸಲವಲ್ಲ, ನಾಲ್ಕು ಸಲ. ಅವನು ದನಿ ಎತ್ತಿದರೆ ಲಂಡನ್ನಿನ ಕಿಟಕಿ ಗಾಜು ನಡುಗುತ್ತಿತ್ತು ಎನ್ನುತ್ತಾರೆ. ಅದನ್ನು ನಾನು ನಂಬುವುದಿಲ್ಲ. ಇದನ್ನು ನಂಬುತ್ತೇನೆ.

ಊರಿನ ಗೋಮಾಳದ ಮೇಲೆ ಲಾರ್ಡ್ ಕ್ರೇಕ್‌ಮೋರನ ಕಣ್ಣು ಬಿತ್ತಂತೆ. ಬಡವರ ಕುರಿಗಳಿಗೆ ಅದು ಬಿಟ್ಟರೆ ಬೇರೆ ಹುಲ್ಲಿಲ್ಲ. ಬೇಲಿ ಹಾಕಿ ಅದನ್ನು ತನ್ನದಾಗಿಸಿಕೊಳ್ಳಬೇಕಾದರೆ ಪಾರ್ಲಿಮೆಂಟಿನ ಕಾನೂನು ಬೇಕು. ಲಾರ್ಡ್ ಸದಸ್ಯರನ್ನೆಲ್ಲ ಕರೆದು ಜಿಂಕೆ ಮಾಂಸದ ಊಟ ಹಾಕಿಸಿದನಂತೆ. ಆಂಬ್ರೋಸನೂ ಹೋದ. ಅವನೂ ಉಂಡ. ಹೇಳುವವರು ಕೆಲವರು ಈ ಮಾತನ್ನು ನುಂಗಿಬಿಡುತ್ತಾರೆ. ನಾನು ನುಂಗುವುದಿಲ್ಲ.

ಆ ಸಭೆಯ ಪದ್ಧತಿ ಹೀಗೆ: ಹೊಸ ಕಾನೂನು ಬೇಕೆನ್ನುವವರು ಎದ್ದು ಹೊರಗೆ ಹೋಗಬೇಕು, ಬೇಡವೆನ್ನುವವರು ಕೂತಲ್ಲೇ ಕೂತಿರಬೇಕು. ತಲೆ ಎಣಿಸುವ ದಿನ ಸಾಲುಸಾಲಾಗಿ ಎದ್ದರಂತೆ. ಪಕ್ಕದೂರಿನ ಸದಸ್ಯ ಪ್ರೌಸ್, ಆಂಬ್ರೋಸನ ತೋಳು ಹಿಡಿದು ಎಳೆದನಂತೆ.

"ಏಳಯ್ಯಾ! ಉಂಡ ಮನೆಗೆ ಎರಡು ಬಗೆಯುತ್ತೀಯಾ? ಎರಡೆರಡು ಸಲ ಹಾಕಿಸಿಕೊಂಡವನು ನೀನೇ ಅಲ್ಲವೇನೋ?"

"ಹೌದು, ಹಾಕಿಸಿಕೊಂಡೆ. ಅದು ನನ್ನ ತಪ್ಪು. ಅದಕ್ಕಾಗಿ ನನ್ನೂರನ್ನು ಅವನ ತಟ್ಟೆಗೆ ಬಡಿಸಲಾರೆ."

"ನಿನ್ನ ಮಗ್ಗದ ಮನೆ ಇರುವುದು ಯಾರ ಜಾಗದಲ್ಲಿ, ನೆನಪಿರಲಿ. ನಾಳೆ ಬೀದಿಗೆ ಬೀಳುತ್ತೀಯ."

"ಬೀಳುತ್ತೇನೆ. ಬೀದಿಯಲ್ಲೂ ನೇಯಬಹುದು."

ಪ್ರೌಸ್ ತೋಳು ಬಿಟ್ಟು ನಡೆದನಂತೆ.

ಕಾನೂನು ಪಾಸಾಯಿತು. ಬೇಲಿ ಬಂತು. ಮಗ್ಗ ಬೀದಿಗೆ ಬಂತು. ಹಾಗಾದರೆ ಅವನು ಸಾಧಿಸಿದ್ದೇನು ಎಂದು ನೀವು ಕೇಳಬಹುದು. ಇಂದಿಗೂ ಆಲ್ಡರ್‌ಮಿಯರಿನ ಜನ ವರ್ಷಕ್ಕೊಂದು ದಿನ ಬೇಲಿ ದಾಟಿ ಆ ಹುಲ್ಲಿನ ಮೇಲೆ ಕೂರುತ್ತಾರಂತೆ. ಮುದುಕಿಯರೂ ಕೂರುತ್ತಾರಂತೆ. ಕಾವಲಿನವನು ಬಂದು ಏಳಿ ಎಂದರೆ ಏಳುವುದಿಲ್ಲವಂತೆ. ಯಾಕೆ ಎಂದು ಕೇಳಿದರೆ ತಲೆ ಎಣಿಸಿದ ಆ ಮಧ್ಯಾಹ್ನದ ಕತೆಯನ್ನೇ ಹೇಳುತ್ತಾರಂತೆ. ಕೊನೆಯ ಸದಸ್ಯನೂ ಹೊರಗೆ ಹೋದ. ಬಾಗಿಲು ಮುಚ್ಚಿತು. ಬೇಡವೆನ್ನುವವರು ಯಾರಾದರೂ ಇದ್ದೀರಾ ಎಂದು ಸಭೆಯ ಅಧ್ಯಕ್ಷರು, ಇಲ್ಲವೆಂದೇ ತಿಳಿದು, ತಲೆ ಎತ್ತದೆ ಕೇಳಿದರು. ಖಾಲಿ ಬೆಂಚುಗಳ ನಡುವೆ ಆಂಬ್ರೋಸ್ ಹೆಲ್ಯರ್ ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡು, ಕಾಲು ಚಾಚಿ, ಕೂತೇ ಇದ್ದ.