ಕುಂಬಳದ ಪೊಳ್ಳು ಹೂ

ಹೊಳೆದಂಡೆಯ ಆ ಪುಟ್ಟ ಮಠದಲ್ಲಿ ಮಧ್ಯಾಹ್ನದ ಊಟಕ್ಕೆ ಮೂರು ಎಲೆ ಬೀಳುತ್ತಿದ್ದವು. ಒಂದು ಗುರುಗಳಾದ ಹಾಲಯ್ಯ ತಾತನವರಿಗೆ, ಒಂದು ಶಿಷ್ಯೆ ಹಂಪಮ್ಮನಿಗೆ. ಮೂರನೆಯದು ಗಾದಿಲಿಂಗಪ್ಪನಿಗೆ.

ಆ ಮೂರನೆಯ ಎಲೆ ಹಂಪಮ್ಮನ ಕಣ್ಣಿಗೆ ಚುಚ್ಚುತ್ತಿತ್ತು.

ಮಠವೆಂದರೆ ಎರಡು ಕೋಣೆ, ಒಂದು ಪಡಸಾಲೆ, ಒಂದು ಬಾವಿ, ಬಾವಿಯ ಸುತ್ತ ಇಪ್ಪತ್ತು ಹೆಜ್ಜೆಯ ಕೈತೋಟ. ಬದನೆ, ತೊಂಡೆ, ಎರಡು ಪರಂಗಿ ಗಿಡ, ಪೂಜೆಗೆ ಕಣಗಿಲೆ, ಸೇವಂತಿಗೆ. ಅಡಿಗೆಗೆ ಅದೇ ಆಸರೆ. ಗಂಡ ತೀರಿಕೊಂಡ ಮೇಲೆ ಹಂಪಮ್ಮ ಜ್ಞಾನ ಬೇಕೆಂದು ಇಲ್ಲಿಗೆ ಬಂದಿದ್ದಳು. ತಾತ ಅವಳ ಕೈಗೆ ಒಂದು ಸಲಿಕೆ ಕೊಟ್ಟಿದ್ದರು. ಮೂರು ವರ್ಷವಾಗಿತ್ತು, ಸಲಿಕೆ ಇನ್ನೂ ಕೈಯಲ್ಲೇ ಇತ್ತು.

ಗಾದಿಲಿಂಗಪ್ಪ ಕುಡಿಯಲು ನೀರು ಕೇಳಿ ಬಂದು ಉಳಿದುಬಿಟ್ಟವನು. ದಿನವಿಡೀ ನುಗ್ಗೆಮರದ ಬುಡದಲ್ಲಿ ಕೂತು ಹೊಳೆ ನೋಡುತ್ತಿದ್ದ. ನೀರು ಸೇದು ಎಂದರೆ ಕೊಡವನ್ನೇ ಬಾವಿಗೆ ಬಿಡುತ್ತಿದ್ದ. ಕಳೆ ಕೀಳು ಎಂದರೆ ಬದನೆ ಸಸಿ ಕಿತ್ತು ತಂದು ತೋರಿಸುತ್ತಿದ್ದ. ಊಟದ ಹೊತ್ತಿಗೆ ಮಾತ್ರ, ಕರೆಯುವ ಮೊದಲೇ ಕೈ ತೊಳೆದು ನಿಂತಿರುತ್ತಿದ್ದ.

ಮುಂಗಾರಿನ ಮೊದಲ ಮಳೆ ಬಿದ್ದ ದಿನ ಹಂಪಮ್ಮ ಬಾಯಿ ಬಿಟ್ಟು ಕೇಳಿದಳು.

"ತಾತಾ, ಬೆಳೆಯೋದು ಇಷ್ಟು. ಗಾದಿಲಿಂಗಪ್ಪನ ಕೈಲಿ ಒಂದು ಕೆಲಸ ಆಗಲ್ಲ. ಅವನನ್ನ ಕಳಿಸಿಬಿಡ್ರಿ."

ತಾತ ಸೋರೆಬುರುಡೆಯಿಂದ ಕುಂಬಳದ ಬೀಜ ತೆಗೆದು ಅಂಗೈಯಲ್ಲಿ ಹರಡಿಕೊಂಡಿದ್ದರು. ಅದರಲ್ಲಿ ನಾಲ್ಕು ಆರಿಸಿ ಅವಳಿಗೆ ಕೊಟ್ಟರು.

"ಇವನ್ನ ಹಾಕು. ಮೊದಲ ಕಾಯಿ ಕೊಯ್ಯೋಳು ನೀನೇ, ಅವತ್ತು ಎಲೆ ಹಾಕೋಳೂ ನೀನೇ. ಎರಡು ಹಾಕಿದರೆ ಎರಡು, ಮೂರು ಹಾಕಿದರೆ ಮೂರು. ನಾನು ಕೇಳೋದಿಲ್ಲ."

ಹಂಪಮ್ಮ ಬೀಜ ಊರುವಾಗಲೇ ಎಣಿಸಿಬಿಟ್ಟಳು. ಎರಡು.

ಬದನೆ, ಸೇವಂತಿಗೆ ಅವಳ ಕೈಗೆ ಪಳಗಿದ್ದವು. ಕುಂಬಳ ಹಾಕಿದ್ದು ಇದೇ ಮೊದಲು. ಆದರೂ ಬಳ್ಳಿ ಅವಳ ಆರೈಕೆಗೆ ಒಲಿದು ಬಾವಿಕಟ್ಟೆ ದಾಟಿ ಹಬ್ಬಿತು. ಹೂ ಬಿಟ್ಟಿತು. ಹೂವಿನಲ್ಲಿ ಎರಡು ಬಗೆ ಇರುವುದನ್ನು ಅವಳು ಗಮನಿಸಿದಳು. ಕೆಲವು ಹೂವಿನ ಬುಡದಲ್ಲಿ ಗೋಲಿಯಷ್ಟು ಮಿಡಿ ಇತ್ತು. ಮಿಕ್ಕವು, ಅವೇ ಹೆಚ್ಚು, ಉದ್ದ ತೊಟ್ಟಿನ ಮೇಲೆ ಸುಮ್ಮನೆ ಅರಳಿ ನಿಂತಿದ್ದವು. ಹಿಂದೆ ಏನೂ ಇರಲಿಲ್ಲ.

ಅವಕ್ಕೆ ಪೊಳ್ಳು ಹೂ ಎಂದು ಹೆಸರಿಟ್ಟಳು. ಬಳ್ಳಿಯ ಕಸುವನ್ನೆಲ್ಲ ಇವೇ ತಿನ್ನುತ್ತಿವೆ, ಇವನ್ನು ತೆಗೆದರೆ ಕಾಯಿಗೆ ಬಲ ಬರುತ್ತದೆ ಎಂದು ತಾತನಿಗೆ ಲೆಕ್ಕ ಒಪ್ಪಿಸಿದಳು. ತಾತ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ದಿನವೂ ಸೂರ್ಯ ಹುಟ್ಟುವ ಮೊದಲೇ ಬುಟ್ಟಿ ಹಿಡಿದು ಹೋಗಿ ಪೊಳ್ಳು ಹೂಗಳನ್ನು ಒಂದೂ ಬಿಡದೆ ಬಿಡಿಸುತ್ತಿದ್ದಳು. ಅರ್ಧ ಗದ್ದುಗೆಗೆ ಏರಿಸುತ್ತಿದ್ದಳು. ಅರ್ಧವನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಮಾಡುತ್ತಿದ್ದಳು.

ಬಜ್ಜಿ ಚೆನ್ನಾಗಿದೆ ಎಂದ ಗಾದಿಲಿಂಗಪ್ಪ.

"ತಿನ್ನು, ನಿನ್ನ ಬಳಗದ್ದೇ," ಎಂದಳು ಹಂಪಮ್ಮ.

ಅವನು ಸ್ವಲ್ಪ ಹೊತ್ತು ಯೋಚಿಸಿ, ಇನ್ನೊಂದು ತೆಗೆದುಕೊಂಡ.

ವಾರ ಕಳೆಯಿತು. ಗೋಲಿಯಷ್ಟಿದ್ದ ಒಂದು ಮಿಡಿ ನಿಂಬೆಯಷ್ಟಾಗುವ ಮೊದಲೇ ಹಳದಿಗೆ ತಿರುಗಿ, ತುದಿ ಕೊಳೆತು, ಉದುರಿತು. ಮರುದಿನ ಎರಡು. ಅದರ ಮರುದಿನ ಮೂರು. ಹಂಪಮ್ಮ ಬೂದಿ ಎರಚಿದಳು, ಹುಳಿ ಮಜ್ಜಿಗೆ ಚಿಮುಕಿಸಿದಳು, ಬುಡಕ್ಕೆ ಹಳೆ ಸಗಣಿಗೊಬ್ಬರ ಕೊಟ್ಟಳು. ಒಂದೂ ನಿಲ್ಲಲಿಲ್ಲ.

ಆಗ ಅವಳಿಗೆ ಹೊಳೆಯಿತು. ಗಾದಿಲಿಂಗಪ್ಪ ಕೂತಲ್ಲಿಂದಲೇ ಬಳ್ಳಿಯತ್ತ ಬೆರಳು ಚಾಚಿ ಮಿಡಿ ಎಣಿಸುತ್ತಿದ್ದ. ಕುಂಬಳದ ಮಿಡಿಗೆ ಬೆರಳು ತೋರಿಸಿದರೆ ಅದು ಕೊಳೆಯುತ್ತದೆ ಎಂದು ಅವಳ ಅಜ್ಜಿ ಹೇಳಿದ್ದು ನೆನಪಾಯಿತು. ನೆಟ್ಟಗೆ ನುಗ್ಗೆಮರದ ಹತ್ತಿರ ಹೋಗಿ, ಕೆಲಸಕ್ಕೆ ಬಾರದ ಆ ಕೈಯನ್ನು ಕಾಣದ ಹಾಗೆ ಇಟ್ಟುಕೊ ಎಂದು ಗದರಿದಳು.

ಗಾದಿಲಿಂಗಪ್ಪ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ.

"ಎಣಿಸೋದು ಬಿಡಬೇಕಾ ಅಕ್ಕಾ?"

"ಏನರ ಮಾಡು. ಬೆರಳು ತೋರಿಸಬ್ಯಾಡ."

ಅವತ್ತಿನಿಂದ ಅವನು ಗದ್ದ ಎತ್ತಿ, ಮೂಗಿನ ತುದಿಯಿಂದ ಎಣಿಸತೊಡಗಿದ. ಕಂಕುಳಿನ ಕೈ ಊಟಕ್ಕಲ್ಲದೆ ಹೊರಗೆ ಬರಲಿಲ್ಲ. ಮಿಡಿ ಉದುರುವುದೂ ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಅವಳು ಬುಟ್ಟಿ ತುಂಬಿಸಿಕೊಂಡು ತಿರುಗಿದಾಗ ತಾತ ಹಿಂದೆ ನಿಂತಿದ್ದರು. ಬುಟ್ಟಿಯಿಂದ ಒಂದು ಪೊಳ್ಳು ಹೂ ತೆಗೆದುಕೊಂಡರು. ಅದರ ಎಸಳನ್ನೆಲ್ಲ ಕಿತ್ತರು. ನಡುವಿನ ದಂಟು ಮಾತ್ರ ಉಳಿಯಿತು. ಮೊಣಕಾಲೂರಿ ಕೂತು, ಬುಡದಲ್ಲಿ ಮಿಡಿಯಿದ್ದ ಒಂದು ಹೂವಿನ ಒಳಗೆ ಆ ದಂಟನ್ನು ಮೆಲ್ಲಗೆ ತಾಗಿಸಿದರು. ಆಮೇಲೆ ಬೆರಳನ್ನು ಅವಳ ಮುಂದೆ ಹಿಡಿದರು. ತುದಿಯಲ್ಲಿ ಅರಿಸಿನದಂಥ ಹುಡಿ ಇತ್ತು.

"ಇದು ಬೀಳದೆ ಆ ಮಿಡಿ ಕಾಯಾಗೋದಿಲ್ಲ. ಜೇನುಹುಳ ಇದನ್ನ ಹುಡುಕಿಕೊಂಡು ಬರೋ ಹೊತ್ತಿಗೆ ನಿನ್ನ ಬಾಣಲೆ ಒಲೆ ಮೇಲೆ ಇರತಿತ್ತು."

ಹಂಪಮ್ಮ ಬುಟ್ಟಿ ನೋಡಿದಳು. ಎಷ್ಟು ದಿನದ ಎಷ್ಟು ಬುಟ್ಟಿ.

"ಮೊದಲೇ ಯಾಕೆ ಹೇಳಲಿಲ್ಲ ತಾತಾ?"

"ನೀನು ಕೇಳಲಿಲ್ಲ. ಬಜ್ಜಿನೂ ಚೆನ್ನಾಗಿತ್ತು."

ಆ ಮಿಡಿ ನಿಂತಿತು. ನಿಂಬೆಯಾಯಿತು, ತೆಂಗಿನಕಾಯಾಯಿತು, ಕೊಡದಷ್ಟಾಯಿತು. ಹಂಪಮ್ಮ ಹೂ ಬಿಡಿಸುವುದನ್ನು ಬಿಟ್ಟಳು. ಬೆಳಿಗ್ಗೆ ಬಳ್ಳಿಯ ಪಕ್ಕ ಸುಮ್ಮನೆ ಕೂತು, ಜೇನುಹುಳ ಹೂವಿಂದ ಹೂವಿಗೆ ಹೋಗುವುದನ್ನು ನೋಡುತ್ತಿದ್ದಳು. ಗಾದಿಲಿಂಗಪ್ಪನಿಗೆ, ತಪ್ಪು ನಿನ್ನ ಬೆರಳಿನದಲ್ಲ, ಇನ್ನು ಕೈ ಹೊರಗೆ ತೆಗೆಯಬಹುದು ಎಂದು ಹೇಳಿದಳು. ಇರಲಿ ಅಕ್ಕಾ, ರೂಢಿ ಆಗೈತೆ ಎಂದ ಅವನು.

ಕಾಯಿ ಬಲಿತು ತೊಟ್ಟು ಒಣಗಿದ ದಿನ ಹಂಪಮ್ಮ ಅದನ್ನು ಕೊಯ್ದಳು. ಬೀಜ ತೊಳೆದು ಬೂದಿಯಲ್ಲಿ ಹೊರಳಿಸಿ ಒಣಗಲು ಇಟ್ಟಳು. ಬೆಲ್ಲ, ಒಣಕೊಬ್ಬರಿ ಹಾಕಿ ಪಲ್ಯ ಮಾಡಿದಳು. ಎಲೆಗಳನ್ನು ಒರೆಸಿಕೊಂಡು ಪಡಸಾಲೆಗೆ ಬಂದಳು.

ತಾತನಿಗೆ ಒಂದು ಎಲೆ ಹಾಕಿದಳು. ತಾತ ಬಂದು ಕೂತರು. ತನಗೆ ಒಂದು ಹಾಕಿಕೊಂಡಳು. ಮೂರನೆಯ ಎಲೆ ಕೈಯಲ್ಲೇ ಉಳಿಯಿತು. ಹೊಸ್ತಿಲ ಆಚೆ ಗಾದಿಲಿಂಗಪ್ಪ ಕೈ ತೊಳೆದು, ಒದ್ದೆ ಕೈಯನ್ನೇ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ.

"ತಾತಾ, ನನಗೆ ತಿಳೀತು," ಎಂದಳು ಹಂಪಮ್ಮ. "ಪೊಳ್ಳು ಅಂತ ನಾನು ಕಿತ್ತು ಹಾಕಿದ ಹೂವಿಗೂ ಒಂದು ಕೆಲಸ ಇತ್ತು. ಹಂಗೇ ಗಾದಿಲಿಂಗಪ್ಪನಿಗೂ ಏನೋ ಒಂದು ಇರಬೇಕು. ಅದೇನು ಅಂತ ಹೇಳ್ರಿ. ಈ ಎಲೆ ಹಾಕ್ತೀನಿ."

ತಾತ ಗಾದಿಲಿಂಗಪ್ಪನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು.

"ಹದಿನಾಲ್ಕು ವರ್ಷದಿಂದ ನಾನೂ ನೋಡ್ತಾ ಇದ್ದೀನಿ ತಾಯಿ. ಏನೂ ಸಿಕ್ಕಿಲ್ಲ."

ಹಂಪಮ್ಮ ಎಲೆ ಹಿಡಿದುಕೊಂಡೇ ನಿಂತಳು. ಒಲೆಯ ಮೇಲಿನ ಪಲ್ಯದ ವಾಸನೆ ಪಡಸಾಲೆಯವರೆಗೆ ಬಂದಿತ್ತು.

ತಾತ ಎದ್ದರು. ತಮ್ಮ ಮುಂದಿದ್ದ ಎಲೆಯನ್ನು ಮಡಿಸಿ ಅವಳ ಕೈಗೆ ಕೊಟ್ಟರು. ಹೊಸ್ತಿಲು ದಾಟಿ ಹೋಗಿ ಗಾದಿಲಿಂಗಪ್ಪನ ಪಕ್ಕದಲ್ಲಿ ನಿಂತರು.

"ನನ್ನ ಕೆಲಸ ಏನು ಅಂತಾನೂ ಸಿಕ್ಕಿಲ್ಲ," ಎಂದರು. "ಎಲೆ ಒಂದೇ ಇರಲಿ. ನೀನು ಉಣ್ಣು."